ಹೊಣೆಗೆ ಪಾಲುಂಟೆ?

ಪ್ರತಿ ವರ್ಷ ಎಸ್.ಎಸ್.ಎಲ್.ಸಿ. ಫಲಿತಾಂಶ ಹೊರಬಿದ್ದ ಕೆಲವೇ ದಿನಗಳಲ್ಲಿ ನಮ್ಮ ಇಲಾಖೆಯೊಳಗೆ ಒಂದು ಕಾಗದ ಮೆಟ್ಟಿಲಿಳಿಯತೊಡಗುತ್ತದೆ. ಮೇಲಿನ ಕಚೇರಿಯಿಂದ ಜಿಲ್ಲೆಯ ಉಪನಿರ್ದೇಶಕರಿಗೆ, ಅವರಿಂದ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಅಲ್ಲಿಂದ ಮುಖ್ಯೋಪಾಧ್ಯಾಯರಿಗೆ, ಮುಖ್ಯೋಪಾಧ್ಯಾಯರ ಮೇಜಿನಿಂದ ವಿಷಯ ಶಿಕ್ಷಕರಿಗೆ. ಫಲಿತಾಂಶ ಕಡಿಮೆಯಾದದ್ದೇಕೆ, ಲಿಖಿತ ಸಮಜಾಯಿಷಿ ನೀಡತಕ್ಕದ್ದು ಎಂಬುದು ಅದರ ಸಾರಾಂಶ. ಇಳಿಯುತ್ತ ಇಳಿಯುತ್ತ ಅದರ ದನಿ ಗಡುಸಾಗುತ್ತದೆ, ಆದರೆ ಯಾವ ಮೆಟ್ಟಿಲಿನ ಮೇಲೂ ಅದು ಕೂರುವುದಿಲ್ಲ. ಕೊನೆಗೆ ಶಿಕ್ಷಕರು ಹುಡುಗನನ್ನು ಕರೆದು, "ಯಾಕೋ, ಓದಲಿಲ್ಲೇನು?" ಎನ್ನುತ್ತಾರೆ. ಹುಡುಗ ಮನೆಗೆ ಹೋಗುತ್ತಾನೆ. ಮನೆಯಲ್ಲಿ ತಂದೆ ಹೆಂಡತಿಯ ಕಡೆ ತಿರುಗಿ, "ನೋಡು, ನಿನ್ನ ಮಗ ಫೇಲಾದ" ಎನ್ನುತ್ತಾನೆ. ಪಾಸಾಗಿದ್ದರೆ ಅವನು ತಂದೆಯ ಮಗನೇ ಆಗಿರುತ್ತಿದ್ದ. ಹೀಗೆ ರಾಜಧಾನಿಯಲ್ಲಿ ಹೊರಟ ಪ್ರಶ್ನೆ ಹಳ್ಳಿಯ ಒಂದು ಅಡುಗೆಮನೆಗೆ ಬಂದು, ಒಲೆಯ ಮುಂದೆ ಕೂತವಳ ಮಡಿಲಿಗೆ ಬಿದ್ದು ನಿಂತುಕೊಳ್ಳುತ್ತದೆ. ಅವಳಿಂದ ಮುಂದಕ್ಕೆ ದಾಟಿಸಲು ಯಾರೂ ಇಲ್ಲ.

2023ರಲ್ಲಿ ನಮ್ಮ ರಾಜ್ಯದ ಎಸ್.ಎಸ್.ಎಲ್.ಸಿ. ಫಲಿತಾಂಶ ಶೇಕಡಾ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ನೇರವಾಗಿ ಕಚೇರಿಯಿಂದಲೇ ನೋಡುವ ವ್ಯವಸ್ಥೆ ಬಂತು. ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದ ಮೇಲೆ. ಆ ವರ್ಷ ಮೆಟ್ಟಿಲಿಳಿದ ಕಾಗದಗಳಿಗೆ ಲೆಕ್ಕವಿರಲಿಲ್ಲ. ಹಾಗಾದರೆ ಹಿಂದಿನ ವರ್ಷಗಳಲ್ಲಿ ಮಕ್ಕಳಿಗೆ ಓದು ಬರುತ್ತದೆ ಎಂದು ಬರೆದುಕೊಟ್ಟವರು ಯಾರು, ನಂಬಿದವರು ಯಾರು ಎಂದು ಕೇಳುವ ಕಾಗದ ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ.

ನಾನು ಟಿ.ಸಿ.ಎಚ್. ಮುಗಿಸಿ ಹಿರಿಯ ಪ್ರಾಥಮಿಕ ಶಾಲೆಗೆ ಸೇರಿದವಳು. ಕೆಲಸದಲ್ಲಿದ್ದುಕೊಂಡೇ ಬಿ.ಎ., ಬಿ.ಎಡ್. ಮಾಡಿ, ಬಡ್ತಿಯ ಮೇಲೆ ಪ್ರೌಢಶಾಲೆಗೆ ಬಂದೆ. ಆದ್ದರಿಂದ ಎರಡೂ ಕಡೆಯ ಮಾತು ಕೇಳಿದ್ದೇನೆ. ಪ್ರೌಢಶಾಲೆಯವರು, "ಅಕ್ಷರ ಬಾರದ ಹುಡುಗರನ್ನು ಕಳಿಸಿದ್ದಾರೆ" ಎಂದು ಪ್ರಾಥಮಿಕ ಶಾಲೆಯವರ ಮೇಲೆ ಹಾಕುತ್ತಾರೆ. ಪ್ರಾಥಮಿಕ ಶಾಲೆಯವರು ಪಾಲಕರ ಮೇಲೆ ಹಾಕುತ್ತಾರೆ. ಪಾಲಕರು ಸರಕಾರದ ಮೇಲೆ ಹಾಕುತ್ತಾರೆ. ಸರಕಾರ ಶಿಕ್ಷಕರ ಮೇಲೆ ಹಾಕುತ್ತದೆ. ಎಲ್ಲರಿಗೂ ಹೊಣೆಯಿದೆ ಎಂದು ಭಾಷಣಗಳಲ್ಲಿ ಹೇಳುವುದನ್ನು ಕೇಳಿದಾಗ ನನಗೆ ಅನಿಸುವುದುಂಟು: ಎಲ್ಲರಿಗೂ ಇದೆ ಎಂದರೆ ಯಾರಿಗೂ ಇಲ್ಲ ಎಂದು ಹೇಳುವ ಸಭ್ಯ ರೀತಿಯೇ ಇದು?

ತೊಡಕಿರುವುದು ಹಂಚಿಕೊಳ್ಳುವುದು ಎಂಬ ಮಾತಿನಲ್ಲಿ. ನಮ್ಮ ಕಡೆ ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಳ್ಳುವುದನ್ನು ನೀವು ನೋಡಿದ್ದೀರಿ. ಎಂಟು ಎಕರೆ ನಾಲ್ವರಿಗೆ ಎರಡೆರಡಾಗುತ್ತದೆ. ಒಬ್ಬನಿಗೆ ಸಿಕ್ಕಷ್ಟು ಇನ್ನೊಬ್ಬನಿಗೆ ಕಡಿಮೆಯಾಗುತ್ತದೆ. ಹೊಣೆಯನ್ನೂ ಹೀಗೆಯೇ ಪಾಲು ಮಾಡಬಹುದೆಂದು ನಾವು ತಿಳಿದಿದ್ದೇವೆ. ಊರಿನವರಿಗೆ ಒಂದಿಷ್ಟು ವಹಿಸಿದರೆ ನಮ್ಮ ತಲೆಯ ಮೇಲಿನದು ಅಷ್ಟು ಇಳಿಯಿತು ಎಂಬ ಲೆಕ್ಕ.

ಆದರೆ ಸ್ತ್ರೀಶಕ್ತಿ ಸಂಘದ ಹೆಂಗಸರನ್ನು ಕೇಳಿ, ಅವರಿಗೆ ಬೇರೊಂದು ಲೆಕ್ಕ ಗೊತ್ತಿದೆ. ಬ್ಯಾಂಕಿನವರು ಸಂಘಕ್ಕೆ ಸಾಲ ಕೊಡುವಾಗ ಇವಳದು ಇಷ್ಟು, ಅವಳದು ಅಷ್ಟು ಎಂದು ಬಿಡಿಬಿಡಿಯಾಗಿ ವಸೂಲಿಗೆ ಬರುವುದಿಲ್ಲ. ಒಬ್ಬಳ ಕಂತು ತಪ್ಪಿದರೆ ಉಳಿದವರು ಅವಳ ಬಾಗಿಲಿಗೆ ಹೋಗಬೇಕು. ಬೈಯಲಿಕ್ಕಷ್ಟೇ ಅಲ್ಲ, ಗಂಡನ ಕಾಯಿಲೆಯೋ, ಎಮ್ಮೆ ಗೊಡ್ಡು ಬಿದ್ದಿತೋ, ಕೂಲಿ ಸಿಗಲಿಲ್ಲವೋ ತಿಳಿಯಲಿಕ್ಕೆ. ಇಪ್ಪತ್ತು ಜನ ಇದ್ದಾರೆಂದು ಹೊಣೆ ಇಪ್ಪತ್ತನೆಯ ಒಂದು ಪಾಲಾಗುವುದಿಲ್ಲ. ಪ್ರತಿಯೊಬ್ಬಳ ಮೇಲೂ ಇಡಿಯಾಗಿಯೇ ಇರುತ್ತದೆ. ಇನ್ನೊಂದು ಮಾತೂ ಇದೆ. ಆ ಸಂಘದಲ್ಲಿ ಲೆಕ್ಕದ ಪುಸ್ತಕ ಎಲ್ಲರ ಮುಂದೆ ತೆರೆಯುತ್ತದೆ. ಓದಲು ಬಾರದವಳಿಗೂ ಯಾರು ಎಷ್ಟು ಕಟ್ಟಿದರು ಎಂಬುದು ಬಾಯಲ್ಲಿರುತ್ತದೆ. ಪುಸ್ತಕ ಮುಚ್ಚಿಟ್ಟು ಜಾಮೀನು ಮಾತ್ರ ಕೇಳಿದ್ದರೆ ಒಬ್ಬ ಹೆಂಗಸೂ ಹೆಬ್ಬೆಟ್ಟು ಒತ್ತುತ್ತಿರಲಿಲ್ಲ.

ಶಾಲೆಯ ವಿಷಯದಲ್ಲಿ ನಾವು ಮಾಡಿದ್ದು ಅದನ್ನೇ.

ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆ ಕೊಟ್ಟ ಶಿಫಾರಸಿನಂತೆ 2001ರಲ್ಲಿ ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಒಂದು ಸಮಿತಿ ಹುಟ್ಟಿತು. ನಾವೆಲ್ಲ ಎಸ್.ಡಿ.ಎಂ.ಸಿ. ಎಂದು ಕರೆಯುವ ಅದರ ಪೂರ್ತಿ ಹೆಸರು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಮುಂದೆ 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ ಇಂಥ ಸಮಿತಿಯನ್ನು ದೇಶಕ್ಕೆಲ್ಲ ವಿಧಿಸಿತು. ಸದಸ್ಯರಲ್ಲಿ ಮುಕ್ಕಾಲು ಭಾಗ ಪಾಲಕರಿರಬೇಕು, ಅರ್ಧದಷ್ಟು ಹೆಂಗಸರಿರಬೇಕು, ದುರ್ಬಲ ವರ್ಗದ ಪಾಲಕರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನವಿರಬೇಕು ಎಂದಿತು. ಅದೇ ಕಾಯ್ದೆಯ 24ನೆಯ ಕಲಮಿನಲ್ಲಿ, ಶಿಕ್ಷಕರು ಪಾಲಕರೊಂದಿಗೆ ನಿಯಮಿತವಾಗಿ ಸಭೆ ನಡೆಸಿ ಮಗುವಿನ ಹಾಜರಿ, ಕಲಿಯುವ ಶಕ್ತಿ, ಕಲಿಕೆಯ ಪ್ರಗತಿ ಇವನ್ನು ತಿಳಿಸಬೇಕೆಂಬುದು ಕರ್ತವ್ಯವಾಗಿಯೇ ಇದೆ. ಮಗು ಚೆನ್ನಾಗಿದೆ ಎಂದು ಹೇಳಿ ಕಳಿಸಬೇಕು ಎಂದಲ್ಲ, ಎಷ್ಟು ಕಲಿತಿದೆ ಎಂದು ತಿಳಿಸಬೇಕು ಎಂದು.

ಸಮಿತಿಯ ಹೆಸರಿನಲ್ಲಿ ಎರಡು ಮಾತುಗಳಿವೆ. ಅಭಿವೃದ್ಧಿ ಎಂಬುದನ್ನು ನಮ್ಮ ಶಾಲೆಗಳು ಬಹಳ ಪ್ರೀತಿಯಿಂದ ಸ್ವೀಕರಿಸಿದವು. ಕಾಂಪೌಂಡು ಬಂತು, ಗೇಟು ಬಂತು, ಗೋಡೆಗೆ ರೈಲುಗಾಡಿಯ ಚಿತ್ರ ಬಂತು. ದಾನಿಗಳ ಹೆಸರು ಗೋಡೆಯ ಮೇಲೆ ಜಾಗ ಸಾಲದೆ ಫ್ಯಾನಿನ ರೆಕ್ಕೆಗಳ ಮೇಲೆ ಬಂತು. (ಕರೆಂಟು ಹೋದಾಗ ಮಾತ್ರ ಓದಲು ಬರುವ ಹೆಸರುಗಳು ಇವು ಎಂದು ನಮ್ಮ ಡ್ರಾಯಿಂಗ್ ಮಾಸ್ತರರು ನಗುತ್ತಿದ್ದರು.) ಮೇಲುಸ್ತುವಾರಿ ಎಂಬ ಎರಡನೆಯ ಮಾತನ್ನು ಮಾತ್ರ ಬಹಳ ಜನ ಮುಖ್ಯೋಪಾಧ್ಯಾಯರು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ನಡಾವಳಿ ಪುಸ್ತಕದಲ್ಲಿ ಮೊದಲೇ ಠರಾವು ಬರೆದು, ಸದಸ್ಯರ ಮನೆಗೆ ಹುಡುಗನ ಕೈಯಲ್ಲಿ ಕಳಿಸಿ ಸಹಿ ತರಿಸುವ ಪದ್ಧತಿ ಯಾವ ತಾಲೂಕಿನದೆಂದು ಹೇಳಬೇಕಾಗಿಲ್ಲ. ಹೆಂಗಸರ ಸ್ಥಾನದಲ್ಲಿ ಗಂಡಂದಿರು ಬಂದು ಕೂರುವುದಂತೂ ಪಂಚಾಯತಿಯಿಂದ ಕಲಿತ ವಿದ್ಯೆ.

ನಾನು ಕೆಲಸ ಮಾಡಿದ ಒಂದು ಶಾಲೆಯ ಮುಖ್ಯೋಪಾಧ್ಯಾಯರು ಇದನ್ನು ತತ್ವವಾಗಿಯೇ ಸಮರ್ಥಿಸುತ್ತಿದ್ದರು. ಸೋಮಾರಿಯಲ್ಲ, ದುಡ್ಡು ತಿನ್ನುವವರಂತೂ ಅಲ್ಲ. ಬೆಳಿಗ್ಗೆ ಒಂಬತ್ತಕ್ಕೇ ಶಾಲೆಯಲ್ಲಿರುತ್ತಿದ್ದರು. ಅವರ ವಾದ ಹೀಗಿತ್ತು: "ಡಾಕ್ಟರು ಆಪರೇಷನ್ ಮಾಡುವಾಗ ರೋಗಿಯ ಮಾವನನ್ನು ಒಳಗೆ ಕರೆದು ಚಾಕು ಹೀಗೆ ಹಿಡಿಯಲೋ ಹಾಗೆ ಹಿಡಿಯಲೋ ಎಂದು ಕೇಳುತ್ತಾರೆಯೆ? ಅಕ್ಷರ ಬಾರದ ಜನ ಬಂದು ನಮ್ಮ ಪಾಠದ ಮೇಲೆ ಏನು ಉಸ್ತುವಾರಿ ಮಾಡುತ್ತಾರೆ? ಹೊಣೆ ನನ್ನದು, ನಾನು ಹೊರುತ್ತೇನೆ, ಅವರು ಗೋಡೆ ಕಟ್ಟಿಸಲಿ."

ಈ ಮಾತಿನಲ್ಲಿ ಒಂದು ಗತ್ತು ಇದೆ, ಒಂದು ಪ್ರಾಮಾಣಿಕತೆಯೂ ಇದೆ. ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಆದರೆ ಡಾಕ್ಟರು ಚಾಕು ಹಿಡಿಯುವುದನ್ನು ಕೇಳದಿದ್ದರೂ ರೋಗ ಏನೆಂದು ಮನೆಯವರಿಗೆ ಹೇಳುತ್ತಾರಲ್ಲ? ಹೇಳದೆ ಮೂರು ವರ್ಷ ಮದ್ದು ಕೊಟ್ಟು, ಕೊನೆಗೆ ನಿಮ್ಮ ಮಗನಿಗೆ ಏನೂ ಆಗಲಿಲ್ಲ, ನೀವು ಪಥ್ಯ ಮಾಡಿಸಲಿಲ್ಲ ಎಂದರೆ ನಾವು ಸುಮ್ಮನಿರುತ್ತೇವೆಯೆ? ಆ ಶಾಲೆಯಲ್ಲಿ ಆದದ್ದು ಅದೇ. ಏಳನೆಯ ಇಯತ್ತೆಯ ಕೊನೆಗೆ, ತಮ್ಮ ಹುಡುಗನಿಗೆ ಓದಲು ಬರುವುದಿಲ್ಲ ಎಂಬುದು ಕೆಲವು ತಾಯಂದಿರಿಗೆ ಮೊದಲ ಸಲ ಗೊತ್ತಾಯಿತು. ಅದೂ ಬೇರೆ ಊರಿನ ಹಾಸ್ಟೆಲಿನವರು ಪರೀಕ್ಷೆ ಮಾಡಿ ತಿರುಗಿ ಕಳಿಸಿದಾಗ. ಒಬ್ಬಳು ಶಾಲೆಯ ಕಟ್ಟೆಯ ಮೇಲೆ ಕೂತು ಕೇಳಿದಳು: "ಅಕ್ಕೋರ, ಏಳು ವರ್ಸ ಯಾರೂ ನನಗ ಹೇಳಲಿಲ್ಲಲ್ರೀ. ಹೇಳಿದ್ರ ನಾ ಏನ್ ಮಾಡ್ತಿದ್ನೋ ಗೊತ್ತಿಲ್ಲ. ಆದ್ರ ಹೇಳಬೇಕಿತ್ತಲ್ರೀ?"

ನನಗೆ ಈ ಪ್ರಶ್ನೆಯೇ ಇಡೀ ವಿಷಯದ ಮೂಲವೆಂದು ತೋರುತ್ತದೆ. ಅವಳು ಯಾರನ್ನೂ ದೂರಲಿಲ್ಲ. ತನ್ನ ಮಗನ ವಿಷಯದಲ್ಲಿ ತನಗೆ ಸಲ್ಲಬೇಕಾದ ಸುದ್ದಿಯನ್ನು ತಡೆದಿಟ್ಟಿದ್ದರು ಎಂದಷ್ಟೇ ಅವಳ ನೋವು. ಸುದ್ದಿ ತಡೆದಿಟ್ಟವರು ಹೊಣೆಯನ್ನು ಹಂಚಲಾರರು, ಅಪವಾದವನ್ನು ಹಂಚಬಲ್ಲರು ಅಷ್ಟೆ.

ಮೊದಲು ಬೀಗದ ಕೈ ಕೊಡಬೇಕು. ಅದನ್ನು ಕೊಟ್ಟವರೊಬ್ಬರನ್ನು ನಾನು ನೋಡಿದೆ.

ಅವರು ಮುಖ್ಯೋಪಾಧ್ಯಾಯಿನಿಯಾಗಿ ಬಂದದ್ದು 2012ರಲ್ಲಿ, ನಾನಿದ್ದ ಇನ್ನೊಂದು ಹಳ್ಳಿಯ ಶಾಲೆಗೆ. ಸಣ್ಣ ಆಕೃತಿ, ಸಣ್ಣ ದನಿ. ಬಂದ ತಿಂಗಳಲ್ಲೇ ಸಭೆಯ ಹೊತ್ತು ಬದಲಿಸಿದರು. ಮುಂಜಾನೆ ಹನ್ನೊಂದಕ್ಕೆ ಸಭೆ ಕರೆದರೆ ಬರುವವರು ಯಾರು? ಹೊಲ ಇದ್ದು ಆಳು ಇಟ್ಟವರು, ಅಂಗಡಿಯ ಕಟ್ಟೆಯ ಮೇಲೆ ಕೂತವರು. ನಮ್ಮ ಊರಿನ ಹೆಂಗಸರು ಸುಗ್ಗಿಯಲ್ಲಿ ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಸೂರ್ಯ ಏಳುವ ಮೊದಲೇ ಟ್ರ್ಯಾಕ್ಟರು ಹತ್ತುತ್ತಾರೆ. ಒಂದು ದಿನದ ಕೂಲಿ ಬಿಟ್ಟು ಬನ್ನಿ ಎಂದು ಕರೆಯುವುದು ಕರೆಯದಿದ್ದಂತೆಯೇ. ಪಾಲಕರಿಗೆ ಕಾಳಜಿ ಇಲ್ಲ ಎಂದು ನಾವು ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತ ಆಡುವ ಮಾತಿಗೆ ಈ ಹನ್ನೊಂದು ಗಂಟೆಯೇ ಅರ್ಧ ಕಾರಣ. ಅವರು ತಿಂಗಳಿಗೊಂದು ಸೋಮವಾರ, ದೀಪ ಹಚ್ಚಿದ ಮೇಲೆ, ಏಳು ಗಂಟೆಗೆ ಎಂದು ಇಟ್ಟರು. ನಮ್ಮಲ್ಲಿ ಕೆಲವರಿಗೆ ಇದು ಕಷ್ಟವಾಯಿತು, ಕೊನೆಯ ಬಸ್ಸಿನ ಮಾತು ಬಂತು. ಸರದಿಯ ಮೇಲೆ ಇಬ್ಬರು ಉಳಿದರೆ ಸಾಕು ಎಂದು ತಾವು ಮಾತ್ರ ಪ್ರತಿ ಸಲ ಉಳಿದರು.

ಮೊದಲ ಸಭೆಯಲ್ಲಿ ಅವರು ಮಕ್ಕಳ ಅಂಕ ಹೇಳಲಿಲ್ಲ. ಕರಿಹಲಗೆಯ ಮೇಲೆ ಶಾಲೆಯ ಲೆಕ್ಕ ಬರೆದರು. ಹಿಂದಿನ ವರ್ಷ ಎಷ್ಟು ದಿನ ಶಾಲೆ ನಡೆಯಬೇಕಿತ್ತು, ಎಷ್ಟು ದಿನ ಯಾವ ತರಗತಿಗೆ ಶಿಕ್ಷಕರಿರಲಿಲ್ಲ, ತರಬೇತಿಗೆ ಎಷ್ಟು ಹೋಯಿತು, ಮತದಾರರ ಪಟ್ಟಿಗೆ ಎಷ್ಟು ಹೋಯಿತು, ನಮ್ಮ ಸ್ವಂತ ರಜೆ ಎಷ್ಟು, ಯಾವ ಹುದ್ದೆ ಖಾಲಿ. ಬರೆದದ್ದನ್ನು ಗಟ್ಟಿಯಾಗಿ ಓದಿದರು, ಓದು ಬಾರದವರಿಗಾಗಿ. ನನ್ನ ಪಕ್ಕದಲ್ಲಿದ್ದ ಸಹೋದ್ಯೋಗಿ, "ಕೈಯಾರೆ ಕೋಲು ಕೊಟ್ಟು ಹೊಡೆಸಿಕೊಳ್ಳುತ್ತಾರಲ್ಲ" ಎಂದು ಪಿಸುಗುಟ್ಟಿದರು. ಆದರೆ ಆ ರಾತ್ರಿ ಯಾರೂ ಹೊಡೆಯಲಿಲ್ಲ. ಸ್ವಲ್ಪ ಹೊತ್ತು ಯಾರೂ ಮಾತೇ ಆಡಲಿಲ್ಲ. ಆಮೇಲೆ ಒಬ್ಬ ಮುದುಕ, ಸುಗ್ಗಿಯಲ್ಲಿ ತನ್ನ ಮೊಮ್ಮಗಳನ್ನು ಹತ್ತಿ ಬಿಡಿಸಲು ಒಯ್ದು ಇಪ್ಪತ್ತು ದಿನ ಸಾಲೆ ಬಿಡಿಸಿದ್ದು ಉಂಟೆಂದೂ, ಅದನ್ನೂ ಹಲಗೆಯ ಮೇಲೆ ಬರೆಯಬೇಕೆಂದೂ ಹೇಳಿದ. ಯಾರೂ ಅವನನ್ನು ಕೇಳಿರಲಿಲ್ಲ.

ನಾನು ಬಹಳ ಸಲ ಈ ಮುದುಕನನ್ನು ಕುರಿತು ಯೋಚಿಸಿದ್ದೇನೆ. ಅಧಿಕಾರದಲ್ಲಿದ್ದವರು ತಮ್ಮ ಪುಸ್ತಕವನ್ನು ಮೊದಲು ತೆರೆದರೆ ಎದುರಿಗಿದ್ದವರಿಗೆ ಹೆದರಿಕೆ ಹೋಗುತ್ತದೆ. ಹೆದರಿಕೆ ಇದ್ದಲ್ಲಿ ಸಬೂಬು ಇರುತ್ತದೆ. ನಾವು ಮಕ್ಕಳ ವಿಷಯದಲ್ಲಿ ತಿಳಿದುಕೊಂಡಿರುವ ಈ ಮಾತನ್ನು ದೊಡ್ಡವರ ವಿಷಯದಲ್ಲಿ ಮರೆಯುತ್ತೇವೆ. ಮತ್ತೆ, ಮೊದಲು ತೆರೆಯಬೇಕಾದವರು ಯಾರು ಎಂಬುದಕ್ಕೆ ನನ್ನಲ್ಲಿ ಅನುಮಾನವಿಲ್ಲ. ಸಂಬಳ ಬರುವವರು, ಕಾಯ್ದೆ ತಿಳಿದವರು, ಕೀಲಿಕೈ ಸೊಂಟದಲ್ಲಿದ್ದವರು. ಕೂಲಿಯವಳು ಮೊದಲು ತನ್ನ ತಪ್ಪೊಪ್ಪಲಿ, ಆಮೇಲೆ ನಾವು ಎನ್ನುವುದು ನ್ಯಾಯವಲ್ಲ.

ಅಕ್ಷರ ಬಾರದವರು ಏನು ಉಸ್ತುವಾರಿ ಮಾಡಿಯಾರು ಎಂಬ ಪ್ರಶ್ನೆಗೂ ಅಲ್ಲಿಯೇ ಉತ್ತರ ಸಿಕ್ಕಿತು. ಅರ್ಧವಾರ್ಷಿಕ, ವಾರ್ಷಿಕ ಪರೀಕ್ಷೆಗಳಾದ ಮೇಲೆ 'ಸಮುದಾಯದತ್ತ ಶಾಲೆ' ಎಂಬ ಹೆಸರಿನಲ್ಲಿ ಪಾಲಕರನ್ನು ಕರೆದು ಉತ್ತರಪತ್ರಿಕೆ ತೋರಿಸುವ ಪದ್ಧತಿ ನಮ್ಮ ಸರಕಾರಿ ಶಾಲೆಗಳಲ್ಲಿ ಇದೆ. ಅನೇಕ ಕಡೆ ಅದು ಹಾರ, ಮೈಕು, ಚುರುಮುರಿಯಲ್ಲಿ ಮುಗಿಯುತ್ತದೆ. ಇವರು ಅದನ್ನು ಬದಿಗಿಟ್ಟು ಪ್ರತಿ ಮಗುವೂ ತನ್ನ ತಾಯಿಯ ಮುಂದೆ ಕೂತು ಒಂದು ಪುಟ ಓದಲಿ ಎಂದರು. ನಾಲ್ಕನೆಯ ಇಯತ್ತೆಯ ಒಬ್ಬ ಹುಡುಗ ಪಾಠವನ್ನು ಸರಸರನೆ ಓದಿದ, ನಾವೆಲ್ಲ ತಲೆಯಾಡಿಸಿದೆವು. ಅವನ ತಾಯಿ, ಜೀವಮಾನದಲ್ಲಿ ಸಾಲೆಯ ಮೆಟ್ಟಿಲು ಹತ್ತದವಳು, ಪುಸ್ತಕ ಕಸಿದುಕೊಂಡು ನಡುವೆ ಎಲ್ಲೋ ತೆಗೆದು, "ಇಲ್ಲೆ ಓದೋ" ಎಂದಳು. ಹುಡುಗ ನಿಂತುಬಿಟ್ಟ. ಹೇಗೆ ಗೊತ್ತಾಯಿತಮ್ಮಾ ಎಂದು ಕೇಳಿದೆ. "ಅಂವ ಹಾಳಿ ನೋಡ್ಲಾರ್ದ ಓದ್ತಿದ್ದ ರೀ. ಸಂತಿ ಲೆಕ್ಕ ಬಾಯಿಲೆ ಒಪ್ಪಸೋ ಗೊತ್ತ ಅದು, ನನಗ ತಿಳೀತೈತಿ" ಎಂದಳು. ನಾವು ಮೂವರು ಪದವೀಧರರು ಕಿವಿಯಿಂದ ಕೇಳುತ್ತಿದ್ದೆವು, ಅವಳು ಕಣ್ಣಿನಿಂದ ನೋಡುತ್ತಿದ್ದಳು. ಪಾಠ ಹೇಗೆ ಮಾಡಬೇಕೆಂದು ಅವಳು ನಮಗೆ ಹೇಳಲಿಲ್ಲ. ಪಾಠ ಆಗಿಲ್ಲ ಎಂದಷ್ಟೇ ಹೇಳಿದಳು. ಮೇಲುಸ್ತುವಾರಿ ಎಂದರೆ ಅಷ್ಟೇ ಅಲ್ಲವೆ?

ಇಷ್ಟು ಹೇಳಿದಾಗ ಊರಿನವರೆಲ್ಲ ದೇವರೆಂದು ನಾನು ಹೇಳುತ್ತಿರುವಂತೆ ಕೇಳಿಸಬಹುದು. ಸಮುದಾಯ ಎಂಬ ಮಾತು ಬಹಳ ಮೃದುವಾಗಿದೆ, ಆದ್ದರಿಂದಲೇ ಅದರ ಬಗೆಗೆ ಎಚ್ಚರ ಬೇಕು. ಸಮುದಾಯದಲ್ಲಿ ಗೌಡರ ಓಣಿಯೂ ಇದೆ, ಕೇರಿಯೂ ಇದೆ. ಹಳೆಯ ಕಾಲದಲ್ಲಿ ನಮ್ಮ ಊರುಗಳ ಕೂಲಿಮಠಗಳಲ್ಲಿ ಐಗಳು ಊರಿನವರು ಕೊಟ್ಟ ಕಾಳುಕಡಿಯ ಮೇಲೆ ಬದುಕುತ್ತಿದ್ದರು. ಊರಿಗೆ ನೇರ ಉತ್ತರ ಹೇಳಬೇಕಾದ ಶಿಕ್ಷಕರೆಂದರೆ ಅವರೇ. ಮಗ್ಗಿ ಬಾರದಿದ್ದರೆ ಅದೇ ಸಂಜೆ ಐಗಳಿಗೆ ಗೊತ್ತಾಗುತ್ತಿತ್ತು. ಆದರೆ ಆ ಮಠದೊಳಗೆ ಹೆಣ್ಣುಮಕ್ಕಳು, ಕೇರಿಯ ಮಕ್ಕಳು ಬರಲಿಲ್ಲ. ಊರು ಬಯಸಿದ್ದೂ ಅದನ್ನೇ.

ಧಾರವಾಡದ ಒಂದು ಹಳೆಯ ಸಂಗತಿ ನಮ್ಮ ಶಿಕ್ಷಕರ ತರಬೇತಿಯಲ್ಲಿ ಕಡ್ಡಾಯವಾಗಿ ಹೇಳಬೇಕಾದದ್ದು. 1856ರ ಜೂನ್‌ನಲ್ಲಿ ಮಹಾರ ಜಾತಿಯ ಒಬ್ಬ ಹುಡುಗ ತನ್ನನ್ನು ಅಲ್ಲಿಯ ಸರಕಾರಿ ಶಾಲೆಗೆ ಸೇರಿಸಿಕೊಳ್ಳುತ್ತಿಲ್ಲವೆಂದು ಮುಂಬಯಿ ಸರಕಾರಕ್ಕೆ ಅರ್ಜಿ ಹಾಕಿದ. ಒಬ್ಬನಿಗಾಗಿ ಬಲವಂತ ಮಾಡಿದರೆ ಉಳಿದ ಜನರೆಲ್ಲ ಶಾಲೆ ಬಿಟ್ಟಾರು, ಶಾಲೆಯೇ ನಿರುಪಯೋಗವಾದೀತು ಎಂಬುದು ಸರಕಾರ ಕೊಟ್ಟ ಕಾರಣ. ಹುಡುಗನಿಗೆ ಪ್ರವೇಶ ಸಿಗಲಿಲ್ಲ. ಪ್ರಕರಣ ಮೇಲಕ್ಕೆ ಹೋಗಿ, 1858ರಲ್ಲಿ ಲಂಡನ್ನಿನ ಕಂಪನಿಯ ನಿರ್ದೇಶಕರು ಸರಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂದರು. ಎಪ್ಪತ್ತು ವರ್ಷಗಳ ನಂತರ, 1928ರಲ್ಲಿ, ಅಂಬೇಡ್ಕರ್ ಅವರು ಸೈಮನ್ ಆಯೋಗದ ಮುಂದೆ ಶಿಕ್ಷಣದ ಸ್ಥಿತಿಗತಿ ಹೇಳುವಾಗ ಈ ಪ್ರಕರಣವನ್ನು ಎತ್ತಿ ತೋರಿಸಿದರು. ಗಮನಿಸಿ, ಅಂದು ಆ ಹುಡುಗನನ್ನು ಹೊರಗಿಟ್ಟದ್ದು ಜನರ ಹೆಸರಿನಲ್ಲಿಯೇ. ಬಹುಮಂದಿಯ ಮನಸ್ಸಿಗೆ ನೋವಾಗಬಾರದೆಂದೇ.

ಆದ್ದರಿಂದ ಊರಿನೊಡನೆ ಹೊಣೆ ಹಂಚಿಕೊಳ್ಳುವುದೆಂದರೆ ಊರು ಹೇಳಿದಂತೆ ಕೇಳುವುದಲ್ಲ. ಬಿಸಿಯೂಟದ ಅಡುಗೆಯವಳು ದಲಿತಳೆಂದು ಮಕ್ಕಳಿಗೆ ಊಟ ಬಿಡಿಸಿದ ಸುದ್ದಿ ಈಗಲೂ ಪತ್ರಿಕೆಯಲ್ಲಿ ಆಗಾಗ ಓದುತ್ತೇವೆ. ನಾನು ಹೇಳಿದ ಆ ಶಾಲೆಯಲ್ಲೂ ಅಂಥದೊಂದು ಹೊಗೆ ಎದ್ದಿತು. ಮೂರು ದಿನ ಹದಿನೈದಿಪ್ಪತ್ತು ಮಕ್ಕಳು ಡಬ್ಬಿ ಕಟ್ಟಿಕೊಂಡು ಬಂದರು. ಸೋಮವಾರದ ಸಭೆಯಲ್ಲಿ ಕೆಲವರು, ಸಮಿತಿಗೆ ಅಧಿಕಾರವಿದೆಯಲ್ಲ, ಬಹುಮತಕ್ಕೆ ಹಾಕಿ ಎಂದರು. ಎಲ್ಲ ಲೆಕ್ಕವನ್ನೂ ಹಲಗೆಯ ಮೇಲೆ ಬರೆಯುವ ನಮ್ಮ ಮುಖ್ಯೋಪಾಧ್ಯಾಯಿನಿ ಅಂದು ಹಲಗೆಯ ಕಡೆ ತಿರುಗಲೂ ಇಲ್ಲ. "ಇದು ಮತಕ್ಕೆ ಹಾಕೋ ವಿಷಯ ಅಲ್ಲ. ಯಾವ ವಿಷಯ ಮತಕ್ಕೆ ಹಾಕಬಾರದು ಅಂತ ಹೇಳೋದೂ ನನ್ನ ಕೆಲಸ" ಎಂದು ಅದೇ ಸಣ್ಣ ದನಿಯಲ್ಲಿ ಹೇಳಿ, ಮರುದಿನದಿಂದ ತಾವು ಮಕ್ಕಳ ಸಾಲಿನಲ್ಲೇ ಕೂತು ಉಂಡರು. ನಾವೂ ಕೂತೆವು. ಎರಡು ವಾರಕ್ಕೆ ಡಬ್ಬಿಗಳು ಕಡಿಮೆಯಾದವು. ಮೂರು ಮಕ್ಕಳ ಹೆಸರು ಮಾತ್ರ ನಮ್ಮ ಹಾಜರಿಯಿಂದ ಹೋಯಿತು, ಅವರನ್ನು ಪಟ್ಟಣದ ಖಾಸಗಿ ಶಾಲೆಗೆ ಹಾಕಿದರು. ಆ ಮೂವರನ್ನು ಕಳೆದುಕೊಂಡದ್ದು ಸರಿಯೆ ಎಂದು ಇಂದಿಗೂ ಕೆಲವರು ಕೇಳುತ್ತಾರೆ. ನನ್ನ ಉತ್ತರ, ಸರಿ ಎಂದೇ. 1856ರಲ್ಲಿ ಬೇರೆ ಲೆಕ್ಕ ಹಾಕಿದ್ದರು, ಅದರ ಫಲ ನಮ್ಮ ಮುಂದಿದೆ.

ಜಾಮೀನಿನ ಹೋಲಿಕೆಯನ್ನು ಇಲ್ಲಿ ನಾನು ಇನ್ನಷ್ಟು ಬಿಗಿಯಾಗಿ ಹಿಡಿಯಬೇಕು. ಮುಖ್ಯೋಪಾಧ್ಯಾಯರು ಊರಿಗೆ ಉತ್ತರ ಹೇಳಬೇಕು, ಇಲಾಖೆಗೆ ಉತ್ತರ ಹೇಳಬೇಕು. ಆದರೆ ಸಾಲ ಯಾರದು? ಊರಿನದಲ್ಲ, ಇಲಾಖೆಯದೂ ಅಲ್ಲ, ಮಗುವಿನದು. ನಾವೆಲ್ಲ ಸೇರಿ ಮಗುವಿಗೆ ತೀರಿಸಬೇಕಾದ ಸಾಲ. ಜೊತೆಗಾರ ಜಾಮೀನುದಾರ ತಪ್ಪು ದಾರಿ ಹಿಡಿದರೆ ಅವನಿಗೆ ಅಡ್ಡ ನಿಲ್ಲುವುದೂ ಜಾಮೀನಿನ ಭಾಗವೇ. ಅಧಿಕಾರಿಗಳಿಗೂ ಈ ಮಾತು ಸಲ್ಲುತ್ತದೆ. ಫಲಿತಾಂಶ ಹೆಚ್ಚು ತೋರಿಸಿ ಎಂಬ ಬಾಯಿಮಾತಿನ ಆದೇಶ ಬಂದಾಗ ಅಡ್ಡ ನಿಲ್ಲುವ ಮುಖ್ಯೋಪಾಧ್ಯಾಯರಿಗೆ ಊರು ಬೆನ್ನಿಗಿರಬೇಕು. ಬೆನ್ನಿಗಿರಬೇಕಾದರೆ ಊರಿಗೆ ಮೊದಲೇ ಲೆಕ್ಕ ಗೊತ್ತಿರಬೇಕು.

ಇದನ್ನು ಓದುತ್ತಿರುವ ನಿಮ್ಮಲ್ಲಿ ಬಹುಮಂದಿಯ ಮಕ್ಕಳು ಪಟ್ಟಣದ ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಇರಬಹುದು. ಅನುದಾನವಿಲ್ಲದ ಖಾಸಗಿ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆಯ ಪಾಲಕರ ಸಮಿತಿಯ ಕಲಮು ಅನ್ವಯಿಸುವುದಿಲ್ಲ ಎಂಬುದು ಗೊತ್ತಿದೆಯೆ? ನಾವು ಫೀ ಕಟ್ಟುತ್ತೇವೆ, ಆದ್ದರಿಂದ ಅವರು ಉತ್ತರ ಹೇಳುತ್ತಾರೆ ಎಂದು ತಿಳಿದಿರುತ್ತೇವೆ. ಆದರೆ ಪಾಲಕರ ಸಭೆಗೆ ಒಳ್ಳೆಯ ಸೀರೆ ಉಟ್ಟು ಹೋದ ತಾಯಿ ಮಕ್ಕಳ ಸಣ್ಣ ಬೆಂಚಿನ ಮೇಲೆ ಮೊಳಕಾಲು ಮಡಿಸಿ ಕೂತು ಕೇಳುವುದೇನು? ನಿಮ್ಮ ಮಗ ಗಮನ ಕೊಡುವುದಿಲ್ಲ, ಮನೆಯಲ್ಲಿ ಕೂರಿಸಿ ಓದಿಸಿ, ಟ್ಯೂಷನ್ ಹಾಕಿ. ಅಲ್ಲಿಂದ ಎದ್ದು ಬರುವಾಗ, ಫೀ ಕಟ್ಟಿದ್ದೂ ತಾನೇ, ತಪ್ಪಿತಸ್ಥಳೂ ತಾನೇ. ಶಾಲೆ ತನ್ನ ಲೆಕ್ಕವನ್ನು ಒಂದು ಸಾಲೂ ಹೇಳಿರುವುದಿಲ್ಲ. ಈ ವರ್ಷ ನಮ್ಮ ಮಗನ ತರಗತಿಗೆ ಎಷ್ಟು ಜನ ಶಿಕ್ಷಕರು ಬದಲಾದರು ಎಂದು ಒಮ್ಮೆ ಕೇಳಿ ನೋಡಿ. ಹತ್ತಿ ಬಿಡಿಸುವ ಹೆಂಗಸರಿಗೆ ಸಾಧ್ಯವಾದ ಪ್ರಶ್ನೆ ನಮಗೆ ಆಗಲಾರದೆ?

ಮೊದಲು ಊರುಗಳಲ್ಲಿ ಮಗುವನ್ನು ಸಾಲೆಗೆ ಹಚ್ಚುವಾಗ, "ಹೊಡದು ಬಡದು ಶ್ಯಾಣ್ಯಾ ಮಾಡ್ರಿ, ಎಲುಬಷ್ಟ ನಮಗ ಕೊಡ್ರಿ" ಎನ್ನುತ್ತಿದ್ದರು. ಹೊಡೆತವನ್ನು ಕಾಯ್ದೆ ನಿಲ್ಲಿಸಿತು, ಒಳ್ಳೆಯದಾಯಿತು. ಆದರೆ ಆ ಮಾತಿನೊಳಗಿನ ಇನ್ನೊಂದು ಅರ್ಥ, ಇನ್ನು ಇದು ನಿಮ್ಮ ವಸ್ತು, ನಮ್ಮನ್ನು ಕೇಳಬೇಡಿ ಎಂಬುದು, ಇನ್ನೂ ಉಳಿದಿದೆ. ತಾಯಿಗೆ ಅದನ್ನು ಬಿಡಿಸಬೇಕಾದರೆ ಭಾಷಣ ಸಾಲದು. ಅವಳು ಕೇಳಿದ ಪ್ರಶ್ನೆ ನಡಾವಳಿಯಲ್ಲಿ ಅವಳ ಮಾತಿನಲ್ಲೇ ದಾಖಲಾಗಬೇಕು.

ಆ ಮುಖ್ಯೋಪಾಧ್ಯಾಯಿನಿ ಹಾಗೆಯೇ ಬರೆಯುತ್ತಿದ್ದರು. ಶಾಲೆಯಲ್ಲಿ ಗಣಿತ, ವಿಜ್ಞಾನದ ಶಿಕ್ಷಕರ ಹುದ್ದೆ ಎರಡು ವರ್ಷದಿಂದ ಖಾಲಿ ಇತ್ತು. ಒಂದು ಸೋಮವಾರ ರಾತ್ರಿ ಹಿಂದಿನ ಸಾಲಿನಿಂದ ಒಬ್ಬಳು ಎದ್ದು, "ಮಕ್ಕಳನ್ನ ಹತ್ತಿಗೆ ಕರಕೊಂಡು ಹೋಗಂಗಿಲ್ಲ ಅಂತ ನಾವು ಬರಕೊಟ್ಟೇವಿ, ದಿನಾ ಬರ್ತೇವಿ ಅಂತ ನೀವು ಬರಕೊಟ್ಟೀರಿ. ಮಾಸ್ತರ್‌ನ್ನ ಕಳಸ್ತೇವಿ ಅಂತ ಮ್ಯಾಲಿನವರು ಯಾವಾಗ ಬರಕೊಡ್ತಾರ?" ಎಂದು ಕೇಳಿದಳು. ಅದನ್ನು ಅಕ್ಷರಶಃ ನಡಾವಳಿಯಲ್ಲಿ ಬರೆದು, ಕೆಳಗೆ ಸಹಿ, ಹೆಬ್ಬೆಟ್ಟು ಹಾಕಿಸಿ, ಪ್ರತಿ ತೆಗೆಸಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಕಳಿಸಿದರು. ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂತು. ಮರುತಿಂಗಳ ಸಭೆಯಲ್ಲಿ ಉತ್ತರವನ್ನು ಓದಿದರು, ಅವಳು ಮತ್ತೆ ಅದೇ ಪ್ರಶ್ನೆ ಕೇಳಿದಳು, ಇವರು ಮತ್ತೆ ಬರೆದರು, ಮತ್ತೆ ಹೆಬ್ಬೆಟ್ಟುಗಳು, ಮತ್ತೆ ಪ್ರತಿ. ಆಗಸ್ಟಿನಲ್ಲಿ ಒಬ್ಬ ಅತಿಥಿ ಶಿಕ್ಷಕ ಬಂದ. ಕಾಯಂ ಶಿಕ್ಷಕರು ಬರಲಿಲ್ಲ. ನಾನು ಬಡ್ತಿಯ ಆದೇಶ ಹಿಡಿದು ಆ ಶಾಲೆ ಬಿಡುವಾಗ ಫೈಲಿನಲ್ಲಿ ಹನ್ನೊಂದು ಪ್ರತಿಗಳಿದ್ದವು, ಹನ್ನೆರಡನೆಯದಕ್ಕೆ ಹಾಳೆ ಹೊಲಿದು ಇಟ್ಟಿದ್ದರು.